ಹನ್ನೊಂದು ತಿಂಗಳ ಪಿಕಪ್‌ಗೆ ಎಷ್ಟು ಕೊಡಬಹುದು?

ಸೋಮವಾರಪೇಟೆಯಲ್ಲಿ 11 ತಿಂಗಳ ಬೊಲೆರೊ ಪಿಕಪ್‌ಗೆ ಆನ್‌ರೋಡ್ ಬೆಲೆಗಿಂತ (ಶೋರೂಂ ಬೆಲೆ, ತೆರಿಗೆ, ವಿಮೆ ಎಲ್ಲ ಸೇರಿದ್ದು) 50,000 ರೂಪಾಯಿ ಮಾತ್ರ ಕಡಿಮೆ ಹೇಳುತ್ತಿದ್ದಾರೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಆ ಬೆಲೆಗೆ ಖಂಡಿತ ಬೇಡ ಸರ್. ಮಾರುವವರು ತಾವು ಕಟ್ಟಿದ ತೆರಿಗೆ, ವಿಮೆಯ ಹಣವನ್ನೂ ನಿಮ್ಮಿಂದ ವಸೂಲು ಮಾಡಲು ಹೊರಟಿದ್ದಾರೆ. ವಿಮೆಯ ಲೆಕ್ಕದಲ್ಲೇ 6 ತಿಂಗಳು ದಾಟಿದ ಗಾಡಿಗೆ ಶೋರೂಂ ಬೆಲೆಯ ಮೇಲೆ 15%, ವರ್ಷ ದಾಟಿದರೆ 20% ಸವಕಳಿ, ಅಂದರೆ ಬೆಲೆ ಇಳಿಕೆ. ಚೌಕಾಸಿಯನ್ನು ಅಲ್ಲಿಂದ ಶುರು ಮಾಡಿ.

ಕೊಡಗಿನ ಒಂದು ಮಳೆಗಾಲ ಕಂಡ ಗಾಡಿಯ ಸವೆತವನ್ನು ಮೀಟರ್ ಹೇಳುವುದಿಲ್ಲ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ, ಚಾಸಿಯ ಸಂದಿಯಲ್ಲಿ ಒಣಗಿದ ಕೆಂಪು ಮಣ್ಣನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯಿರಿ. ತುಕ್ಕು ಪದರವಾಗಿ ಎದ್ದರೆ ವಾಪಸ್ ಬನ್ನಿ. ನಾನು ನೋಡಿದ ಒಂದು ಗಾಡಿಯಲ್ಲಿ ಕಾಫಿ ಚೀಲಗಳ ಭಾರಕ್ಕೆ ಹಿಂದಿನ ಲೀಫ್ ಸ್ಪ್ರಿಂಗ್ ಬಿರುಕು ಬಿಟ್ಟಿತ್ತು. ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಕೈಗೆ ಬರುವ ತನಕ ಮುಂಗಡವನ್ನೂ ಕೊಡಬೇಡಿ.