ಹಾಸನ, ಚಿಕ್ಕಮಗಳೂರಿನ ಮನೆಗಳಿಗೆ ಯಾವ ಟಿವಿ ಸರಿ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಟಿವಿ ಪರದೆಯ ಬಗ್ಗೆ ಎರಡೂ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯಾವ ಕಂಪನಿ ಒಳ್ಳೆಯದು’ ಎಂದೇ ಶುರುವಾಗುತ್ತವೆ. ಕಂಪನಿಗೂ ಮೊದಲು ನೋಡಬೇಕಾದ್ದು ಟಿವಿ ಇಡುವ ಕೋಣೆಯ ಬೆಳಕು, ಮನೆಗೆ ಬರುವ ಕರೆಂಟು, ಮನೆಯವರು ದಿನಾ ನೋಡುವ ಕಾರ್ಯಕ್ರಮ. ಇವು ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ಟಿವಿಗಳನ್ನು ನೀವೇ ಪಕ್ಕಕ್ಕೆ ಸರಿಸಬಹುದು.

ಪ್ರಶ್ನೆ: ಅಂಗಡಿಯಲ್ಲಿ ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಒಎಲ್‌ಇಡಿ ಅಂತ ನಾಲ್ಕು ಸಾಲು ತೋರಿಸಿದರು. ಬೆಲೆಯಲ್ಲಿ ಅಜಗಜಾಂತರ. ನಮ್ಮ ಹಾಲ್ 12 ಅಡಿ ಉದ್ದ, ಟಿವಿಗೆ ಎದುರಾಗಿ ದೊಡ್ಡ ಕಿಟಕಿ ಇದೆ. 55 ಇಂಚಿನದು ತರೋಣವೆಂದಿದ್ದೇವೆ. ಯಾವುದು ತರಲಿ?
— ಓದುಗರು, ಹಾಸನ

ಉತ್ತರ: ಹೆಸರು ನಾಲ್ಕಾದರೂ ಜಾತಿ ಎರಡೇ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಮೂರೂ ಎಲ್‌ಸಿಡಿ ಪರದೆಗಳು. ಎಲ್‌ಸಿಡಿಗೆ ಸ್ವಂತ ಬೆಳಕಿಲ್ಲ. ಹಿಂದೆ ಎಲ್‌ಇಡಿ ದೀಪಗಳು ಉರಿಯುತ್ತಿರುತ್ತವೆ, ಮುಂದಿನ ದ್ರವಸ್ಫಟಿಕದ ಪದರ ಕಿಟಕಿಯ ಬಾಗಿಲಿನಂತೆ ತೆರೆದು ಮುಚ್ಚಿ ಆ ಬೆಳಕನ್ನು ಬಿಡುತ್ತದೆ, ತಡೆಯುತ್ತದೆ. ಎಷ್ಟೇ ಬಿಗಿಯಾಗಿ ಮುಚ್ಚಿದರೂ ಸ್ವಲ್ಪ ಬೆಳಕು ಸೋರುತ್ತದೆ. ರಾತ್ರಿಯ ದೃಶ್ಯದಲ್ಲಿ ಕಪ್ಪು ಬೂದುಬೂದಾಗಿ ಕಾಣುವುದು ಇದರಿಂದಲೇ. ಈ ಪದರದಲ್ಲಿ ವಿಎ, ಐಪಿಎಸ್ ಎಂದು ಎರಡು ಬಗೆ. ವಿಎ ಪ್ಯಾನೆಲ್‌ನಲ್ಲಿ ಬಿಳಿ-ಕಪ್ಪಿನ ಅಂತರ ಸುಮಾರು 3000ಕ್ಕೆ 1 ಅಥವಾ ಅದಕ್ಕೂ ಹೆಚ್ಚು. ಐಪಿಎಸ್‌ನಲ್ಲಿ ಸುಮಾರು 1000ಕ್ಕೆ 1. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ವಿಎ ಮೇಲು.

ಕ್ಯೂಎಲ್‌ಇಡಿಯಲ್ಲಿ ಹೆಚ್ಚಿಗೆ ಇರುವುದು ಕ್ವಾಂಟಮ್ ಡಾಟ್ ಎಂಬ ಒಂದು ಹಾಳೆ. ನೀಲಿ ಎಲ್‌ಇಡಿಯ ಬೆಳಕು ಅದಕ್ಕೆ ಬಿದ್ದು ಶುದ್ಧ ಹಸಿರು, ಶುದ್ಧ ಕೆಂಪು ಹೊಮ್ಮುತ್ತವೆ. ಬಣ್ಣ ಗಾಢವಾಗುತ್ತದೆ ನಿಜ. ಆದರೆ ಕಪ್ಪು ಇದ್ದಷ್ಟೇ ಇರುತ್ತದೆ. ‘ಕ್ಯೂ’ ಅಕ್ಷರ ನೋಡಿ ಒಎಲ್‌ಇಡಿಗೆ ಸಮ ಎಂದುಕೊಂಡು ಹಣ ಕೊಡಬೇಡಿ.

ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ತೀರಾ ಸಣ್ಣವು, ಸಂಖ್ಯೆಯಲ್ಲಿ ಸಾವಿರಾರು. ಅವನ್ನು ವಲಯಗಳಾಗಿ ವಿಂಗಡಿಸಿ, ದೃಶ್ಯದಲ್ಲಿ ಕತ್ತಲಿರುವ ಕಡೆ ದೀಪವನ್ನೇ ಮಂದ ಮಾಡುತ್ತಾರೆ. ಅಂಗಡಿಯವರನ್ನು ‘ಡಿಮ್ಮಿಂಗ್ ಜೋನ್ ಎಷ್ಟು’ ಎಂದು ಕೇಳಿ. ನೂರಾರು ಇದ್ದರೆ ಪ್ರಯೋಜನ ಕಾಣುತ್ತದೆ. ಹತ್ತಿಪ್ಪತ್ತು ಇದ್ದರೆ ಕಪ್ಪು ಹಿನ್ನೆಲೆಯ ಬಿಳಿ ಸಬ್‌ಟೈಟಲ್ ಸುತ್ತ ಮಬ್ಬು ಹೊಗೆಯಂಥ ಬೆಳಕು ಎದ್ದು ಕಾಣುತ್ತದೆ. ತೀರಾ ತೆಳ್ಳಗಿನ ಕೆಲವು ಟಿವಿಗಳಲ್ಲಿ ದೀಪಗಳಿರುವುದು ಅಂಚಿನಲ್ಲಿ ಮಾತ್ರ. ಮೂಲೆಗಳು ಬೆಳ್ಳಗೆ, ನಡುವೆ ಮಂಕು. ತೆಳುವಿಗೆ ಮರುಳಾಗಬೇಡಿ.

ಒಎಲ್‌ಇಡಿಯೇ ಬೇರೆ ಜಾತಿ. ಹಿಂದೆ ದೀಪವೇ ಇಲ್ಲ, 4ಕೆ ಪರದೆಯ ಸುಮಾರು 83 ಲಕ್ಷ ಚುಕ್ಕೆಗಳೂ ತಾವೇ ಬೆಳಗುತ್ತವೆ. ಆರಿದ ಚುಕ್ಕೆ ಪೂರ್ತಿ ಕಪ್ಪು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಇದರಷ್ಟು ಒಳ್ಳೆಯ ಪರದೆ ಸದ್ಯಕ್ಕೆ ಮನೆಗೆ ಇನ್ನೊಂದಿಲ್ಲ. ಆದರೆ ಪರದೆ ತುಂಬಾ ಬಿಳಿಯೇ ಇರುವ ದೃಶ್ಯ ಬಂದಾಗ ಅದು ಬೆಳಕನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸ್ಯಾಮ್‌ಸಂಗ್ ಡಿಸ್‌ಪ್ಲೇ ಮಾಡುವ ಕ್ಯೂಡಿ-ಒಎಲ್‌ಇಡಿ ಬಗೆಯಲ್ಲಿ ಹಗಲು ಬೆಳಕು ಪರದೆಗೆ ನೇರ ಬಿದ್ದರೆ ಕಪ್ಪು ಸ್ವಲ್ಪ ನೇರಳೆ ಮಿಶ್ರಿತ ಬೂದಾಗಿ ಕಾಣುವುದೂ ಉಂಟು.

ನಿಮ್ಮ ಹಾಲ್‌ನಲ್ಲಿ ಕಿಟಕಿ ಟಿವಿಗೆ ಎದುರಿದೆ. ಹಗಲು ನೋಡುವುದೇ ಹೆಚ್ಚಾದರೆ ಮಿನಿ ಎಲ್‌ಇಡಿ ತನ್ನಿ. ಅಷ್ಟು ಹಣ ಬೇಡವೆನಿಸಿದರೆ, ಪರದೆಯ ಹಿಂಬದಿಗೆಲ್ಲ ದೀಪ ಹರಡಿರುವ ಕ್ಯೂಎಲ್‌ಇಡಿ ಸಾಕು. 55 ಇಂಚಿಗೆ ಕುಳಿತುಕೊಳ್ಳುವ ದೂರ 7ರಿಂದ 8 ಅಡಿ ಸರಿ. 12 ಅಡಿ ದೂರದ ಗೋಡೆಗೆ ಒರಗಿ ಕುಳಿತರೆ 4ಕೆಯ ಸೂಕ್ಷ್ಮ ಕಣ್ಣಿಗೆ ಸಿಗುವುದಿಲ್ಲ. ಸೋಫಾ ಮುಂದೆ ತನ್ನಿ, ಇಲ್ಲವೇ 65 ಇಂಚಿನದು ನೋಡಿ.

ಅಂಗಡಿಯಲ್ಲಿ ಒಂದು ಕೆಲಸ ಮಾಡಿ. ಅಲ್ಲಿ ಟಿವಿ ‘ವಿವಿಡ್’ ಮೋಡ್‌ನಲ್ಲಿ, ಹೂವು ಹಣ್ಣಿನ ವಿಡಿಯೋ ಹಾಕಿಕೊಂಡು ಕಣ್ಣು ಕೋರೈಸುತ್ತಿರುತ್ತದೆ. ಮೋಡನ್ನು ‘ಸಿನಿಮಾ’ಕ್ಕೆ ಬದಲಿಸಲು ಹೇಳಿ. ರಾತ್ರಿಯ ದೃಶ್ಯವಿರುವ ಒಂದು ವಿಡಿಯೋವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಿಸಿ ನೋಡಿ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ತೋಟದ ಮನೆ. ಏಪ್ರಿಲ್‌ನಿಂದ ಗುಡುಗು-ಸಿಡಿಲು, ಆಮೇಲೆ ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋಗಿ ಬಂದು ಮಾಡುತ್ತದೆ. ಟಿವಿ ನೋಡಿ ಆದಮೇಲೆ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕೀಳುವುದು ರೂಢಿ. ಮಗ ಒಎಲ್‌ಇಡಿ ಕೊಡಿಸುತ್ತೇನೆ ಅನ್ನುತ್ತಿದ್ದಾನೆ. ನಮ್ಮಲ್ಲಿ ಬಾಳುತ್ತದೆಯೇ?
— ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಬಾಳುತ್ತದೆ, ಆದರೆ ನಿಮ್ಮ ರೂಢಿಯನ್ನು ಸ್ವಲ್ಪ ಬದಲಿಸಬೇಕು. ಒಎಲ್‌ಇಡಿ ಚುಕ್ಕೆಗಳು ಉರಿದಂತೆ ಸವೆಯುತ್ತವೆ, ಎಲ್ಲವೂ ಒಂದೇ ಸಮ ಸವೆಯುವುದಿಲ್ಲ. ಈ ಏರುಪೇರನ್ನು ಟಿವಿ ತಾನೇ ಅಳೆದು ಸರಿದೂಗಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಟ್ಟು 4 ಗಂಟೆ ನೋಡಿದ ನಂತರ ರಿಮೋಟ್‌ನಿಂದ ಆರಿಸಿದಾಗ, ಸ್ಟ್ಯಾಂಡ್‌ಬೈನಲ್ಲಿರುವಾಗ ಈ ಕೆಲಸ ಕೆಲವು ನಿಮಿಷ ನಡೆಯುತ್ತದೆ. ರಿಮೋಟ್ ಒತ್ತಿದ ತಕ್ಷಣ ಗೋಡೆಯ ಸ್ವಿಚ್ಚನ್ನೂ ಆರಿಸಿದರೆ ಅದಕ್ಕೆ ಅವಕಾಶವೇ ಸಿಗುವುದಿಲ್ಲ. ದಿನಾ ಹೀಗೇ ಮಾಡಿದರೆ ಕ್ರಮೇಣ ಬೂದು ಬಣ್ಣದ ದೃಶ್ಯಗಳಲ್ಲಿ ಪಟ್ಟಿ, ಕಲೆ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ರಿಮೋಟ್‌ನಿಂದ ಆರಿಸಿ, 15 ನಿಮಿಷ ಬಿಟ್ಟು ಪ್ಲಗ್ ಕೀಳಿ. ಗುಡುಗು ಬರುವ ಲಕ್ಷಣವಿದ್ದರೆ ಮಾತ್ರ ಕಾಯಬೇಡಿ, ಅದು ಶುರುವಾಗುವ ಮೊದಲೇ ಕಿತ್ತುಬಿಡಿ. ಒಂದೆರಡು ಸಲ ತಪ್ಪಿದರೆ ಏನೂ ಆಗುವುದಿಲ್ಲ.

ಮನೆಯಲ್ಲಿ ಯಾರಾದರೂ ಬೆಳಿಗ್ಗೆಯಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್ ಹಾಕಿಕೊಂಡು ಕೂರುವವರಿದ್ದರೆ ಒಎಲ್‌ಇಡಿ ತರಲೇಬೇಡಿ. ಚಾನೆಲ್ ಲೋಗೋ, ಕೆಳಗೆ ಓಡುವ ಸುದ್ದಿಪಟ್ಟಿ ಒಂದೇ ಜಾಗದಲ್ಲಿ ಉರಿದು ಅಚ್ಚು ಬೀಳುತ್ತದೆ. ಬಿದ್ದ ಅಚ್ಚು ಹೋಗುವುದಿಲ್ಲ.

ಸಿಡಿಲಿನ ವಿಷಯದಲ್ಲಿ ಎಲ್ಲ ಟಿವಿಗೂ ಒಂದೇ ಮಾತು. ಪ್ಲಗ್ ಕಿತ್ತರೆ ಅರ್ಧ ಕೆಲಸ ಮಾತ್ರ ಆದಂತೆ. ಮಾಡಿನ ಮೇಲಿನ ಡಿಶ್‌ನಿಂದ ಬರುವ ಕೇಬಲ್ಲು ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ವೈರು ಟಿವಿಗೆ ಬಂದಿರುತ್ತದೆ. ಆ ದಾರಿಯಲ್ಲಿ ಬಂದ ಹೊಡೆತಕ್ಕೆ ಮೊದಲು ಸುಡುವುದು ಟಿವಿಯ ಎಚ್‌ಡಿಎಂಐ ಪೋರ್ಟು, ಅದರ ಜೊತೆಗೆ ಮುಖ್ಯ ಬೋರ್ಡು. ಗುಡುಗು ಶುರುವಾಗುವ ಮೊದಲೇ ಡಿಶ್ ಕೇಬಲ್ಲನ್ನು ಬಾಕ್ಸ್‌ನಿಂದ ಬಿಚ್ಚಿಡಿ. ಇಂಟರ್‌ನೆಟ್ಟಿನ ಲ್ಯಾನ್ ವೈರು ಟಿವಿಗೆ ಚುಚ್ಚಿದ್ದರೆ ಅದನ್ನೂ ತೆಗೆಯಿರಿ.

ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇವಲ್ಲ ಎನ್ನುವವರು ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅದು ಹೆಚ್ಚಿನ ವೋಲ್ಟೇಜನ್ನು ಇಳಿಸುವುದೇ ಅರ್ಥ್ ತಂತಿಗೆ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದಾಗ ಫೇಸ್-ಅರ್ಥ್ ನಡುವೆ ಫೇಸ್-ನ್ಯೂಟ್ರಲ್‌ನಷ್ಟೇ ವೋಲ್ಟೇಜ್ ಬರಬೇಕು, ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚಿರಬಾರದು. ಮರ ಬಿದ್ದು ಲೈನಿನ ನ್ಯೂಟ್ರಲ್ ಕಡಿದುಹೋದಾಗ ಮನೆಗೆ 300 ವೋಲ್ಟ್‌ಗೂ ಮೀರಿ ಬರಬಹುದು. ಅದನ್ನು ತಡೆಯಲು ಮೀಟರ್ ಬೋರ್ಡಿನ ಪಕ್ಕದಲ್ಲೇ ಹೈ ವೋಲ್ಟೇಜ್ ಕಟ್‌ಆಫ್ ಸಾಧನ ಬೇಕು. ಕಡಿಮೆ ವೋಲ್ಟೇಜ್ ಬಗ್ಗೆ ಅಷ್ಟು ಚಿಂತೆ ಬೇಡ. ಟಿವಿಯ ಹಿಂದಿನ ಚೀಟಿಯಲ್ಲಿ 100–240 ವೋಲ್ಟ್ ಎಂದಿದ್ದರೆ ಅದಕ್ಕಾಗಿ ಸ್ಟೆಬಿಲೈಸರ್ ಬೇಕಿಲ್ಲ.

ಪ್ರಶ್ನೆ: 21 ಇಂಚಿನ ಹಳೆಯ ಡಬ್ಬಾ ಟಿವಿ ತೆಗೆದು 43 ಇಂಚಿನ 4ಕೆ ತಂದೆವು. ಫ್ರೀ ಡಿಶ್‌ನಲ್ಲಿ ಚಂದನ ಹಾಕಿದರೆ ಹಳೆಯದರಲ್ಲೇ ಚೆನ್ನಾಗಿತ್ತು ಅನ್ನಿಸುತ್ತಿದೆ. ಟಿವಿ ಕೆಟ್ಟದ್ದೇ?
— ಓದುಗರು, ಅರಸೀಕೆರೆ

ಉತ್ತರ: ಟಿವಿ ಚೆನ್ನಾಗಿಯೇ ಇದೆ. ನೀವು ನೋಡುತ್ತಿರುವಂಥ ಎಸ್‌ಡಿ (ಸಾಮಾನ್ಯ ಗುಣಮಟ್ಟದ) ವಾಹಿನಿಯ ಚಿತ್ರದಲ್ಲಿರುವುದು ಹೆಚ್ಚೆಂದರೆ 720 × 576, ಅಂದರೆ ನಾಲ್ಕು ಲಕ್ಷ ಚಿಲ್ಲರೆ ಚುಕ್ಕೆ. ನಿಮ್ಮ ಪರದೆಯಲ್ಲಿ 83 ಲಕ್ಷ. ಬಂದ ಒಂದೊಂದು ಚುಕ್ಕೆಯನ್ನೂ ಟಿವಿ ಇಪ್ಪತ್ತಾಗಿ ಹಿಗ್ಗಿಸಬೇಕು. ಹಳೆಯ ಟಿವಿ ಚಿಕ್ಕದು, ಅದರ ಮೃದುವಾದ ಗೆರೆಗಳು ಕುಂದನ್ನು ಮುಚ್ಚುತ್ತಿದ್ದವು.

ಹೀಗೆ ಮಾಡಿ. ಬಾಕ್ಸ್‌ನಿಂದ ಟಿವಿಗೆ ಹಳದಿ-ಕೆಂಪು-ಬಿಳಿ ಪಿನ್ನಿನ ವೈರು ಹಾಕಿದ್ದರೆ ತೆಗೆದು, ಬಾಕ್ಸ್‌ನಲ್ಲಿ ಎಚ್‌ಡಿಎಂಐ ಇದ್ದರೆ ಅದನ್ನೇ ಬಳಸಿ. ಟಿವಿಯಲ್ಲಿ ‘ವಿವಿಡ್’ ಬದಲು ‘ಸಿನಿಮಾ’ ಅಥವಾ ‘ಸ್ಟ್ಯಾಂಡರ್ಡ್’ ಹಾಕಿ, ಶಾರ್ಪ್‌ನೆಸ್ಸನ್ನು 50ರಿಂದ 10ರ ಒಳಗೆ ಇಳಿಸಿ, ನಾಯ್ಸ್ ರಿಡಕ್ಷನ್ ‘ಲೋ’ ಇರಲಿ. ಮುಖಗಳು ಅಡ್ಡಡ್ಡ ಉಬ್ಬಿದಂತಿದ್ದರೆ ಆ ಕಾರ್ಯಕ್ರಮಕ್ಕೆ ಪರದೆಯ ಅಳತೆಯನ್ನು 4:3 ಮಾಡಿ. ಶಾರ್ಪ್‌ನೆಸ್ ಇಳಿಸಿದರೆ ಚಿತ್ರ ಮಂಕಾಗುತ್ತದೆ ಎಂಬ ಅಳುಕು ಬೇಡ. ಅಕ್ಷರಗಳ ಸುತ್ತಲಿನ ಬಿಳಿ ಗೆರೆ ಮಾಯವಾಗುವುದನ್ನು ನೀವೇ ನೋಡುತ್ತೀರಿ. ಕುರ್ಚಿಯನ್ನು ಟಿವಿಯಿಂದ 8 ಅಡಿ ದೂರಕ್ಕೆ ಹಾಕಿಕೊಂಡರೆ ಇನ್ನೂ ಹಿತ.

ಪ್ರಶ್ನೆ: ಹೋಂಸ್ಟೇ ಹಾಲ್‌ನಲ್ಲಿ ಅತಿಥಿಗಳು ಎರಡೂ ಬದಿಯಲ್ಲಿ ಕೂರುತ್ತಾರೆ. ಪಕ್ಕದಿಂದ ನೋಡಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ.
— ಓದುಗರು, ಮೂಡಿಗೆರೆ

ಉತ್ತರ: ಅದು ವಿಎ ಪ್ಯಾನೆಲ್‌ನ ಗುಣ, ಸೆಟ್ಟಿಂಗ್‌ನಿಂದ ಸರಿಹೋಗದು. ಮುಂದಿನ ಸಲ ಐಪಿಎಸ್ ಅಥವಾ ಒಎಲ್‌ಇಡಿ ತನ್ನಿ. ಒಂದೇ ಮಾಡೆಲ್‌ನಲ್ಲಿ ಅಳತೆಗೊಂದು ಪ್ಯಾನೆಲ್ ಇರುವುದುಂಟು, ಆದ್ದರಿಂದ ನೀವು ಕೊಳ್ಳುವ ಅಳತೆಯ ಟಿವಿಯನ್ನೇ ಓರೆಯಾಗಿ ನಿಂತು ನೋಡಿ ಆರಿಸಿ.

ಪ್ರಶ್ನೆ: ಕ್ರಿಕೆಟ್ ನೋಡುವಾಗ ಚೆಂಡಿಗೆ ಬಾಲ ಬಂದಂತೆ ಕಾಣುತ್ತದೆ. 120 ಹರ್ಟ್ಸ್ ಟಿವಿ ತಂದರೆ ಸರಿಹೋಗುತ್ತದೆಯೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಭಾಗಶಃ. ನಮ್ಮ ಟಿವಿ ಪ್ರಸಾರ ಬರುವುದು 50 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಸಲ. ಪರದೆ ಒಂದೊಂದು ಚಿತ್ರವನ್ನೂ ಸೆಕೆಂಡಿನ ಐವತ್ತನೇ ಒಂದು ಭಾಗ ಅಲ್ಲಾಡದಂತೆ ಹಿಡಿದಿಡುತ್ತದೆ, ಅಷ್ಟರಲ್ಲಿ ನಿಮ್ಮ ಕಣ್ಣು ಚೆಂಡಿನ ಹಿಂದೆ ಓಡುತ್ತಿರುತ್ತದೆ. ಬಾಲ ಹುಟ್ಟುವುದು ಅಲ್ಲಿ. 120 ಹರ್ಟ್ಸ್ ಪ್ಯಾನೆಲ್ ಇದ್ದರೆ ಟಿವಿ ನಡುನಡುವೆ ಚಿತ್ರಗಳನ್ನು ತಾನೇ ಸೃಷ್ಟಿಸಿ ಸೇರಿಸಬಹುದು. ಅದಕ್ಕೆ ಮೋಷನ್ ಸೆಟ್ಟಿಂಗ್ ಆನ್ ಇರಬೇಕು. ‘ಕಸ್ಟಮ್’ ಆರಿಸಿ ಡಿಬ್ಲರ್ (ಮಸುಕು ತಗ್ಗಿಸುವುದು) ಅನ್ನು 10ಕ್ಕೆ 6–7, ಡಿಜಡರ್ (ಕುಲುಕು ತಗ್ಗಿಸುವುದು) ಅನ್ನು 2–3 ಇಡಿ. ಇನ್ನೂ ಏರಿಸಿದರೆ ಬ್ಯಾಟಿನ ಅಂಚು ಹರಿದಂತೆ ಕಾಣುತ್ತದೆ. ಸಿನಿಮಾಕ್ಕೆ ಎರಡನ್ನೂ ಸೊನ್ನೆಗೆ ತನ್ನಿ, ಇಲ್ಲದಿದ್ದರೆ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. 120 ಹರ್ಟ್ಸ್‌ನಲ್ಲಿ ಒಂದೊಂದು ಚಿತ್ರವೂ ಸರಿಯಾಗಿ ಐದು ಸಲ ಬರುತ್ತದೆ, 60ರಲ್ಲಿ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಬಂದು ಕ್ಯಾಮೆರಾ ತಿರುಗುವಾಗ ಕುಲುಕುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ‘ಮೋಷನ್ ರೇಟ್’ ನಂಬಬೇಡಿ, ವಿವರಪಟ್ಟಿಯಲ್ಲಿ ಪ್ಯಾನೆಲ್‌ನ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದು) ಎಷ್ಟಿದೆ ನೋಡಿ.

ಪ್ರಶ್ನೆ: ನಾಲ್ಕು ವರ್ಷದ ಎಲ್‌ಇಡಿ ಟಿವಿ. ಪರದೆಯಲ್ಲಿ ಅಲ್ಲಲ್ಲಿ ಬಿಳಿ ದುಂಡು ಚುಕ್ಕೆಗಳು ಬಂದಿವೆ. ತಂಗಿಯ ಮನೆಯದರಲ್ಲಿ ಶಬ್ದ ಮಾತ್ರ ಬರುತ್ತದೆ, ಚಿತ್ರ ಇಲ್ಲ. ರಿಪೇರಿಯವರು ಎರಡಕ್ಕೂ ಪ್ಯಾನೆಲ್ ಹೋಗಿದೆ ಎನ್ನುತ್ತಾರೆ.
— ಓದುಗರು, ಬೇಲೂರು

ಉತ್ತರ: ಪ್ಯಾನೆಲ್‌ಗೆ ಹಣ ಕೊಡುವ ಮೊದಲು ಇದನ್ನು ಓದಿ. ನಿಮ್ಮ ಟಿವಿಯ ಹಿಂಬದಿಯಲ್ಲಿ ಎಲ್‌ಇಡಿಗಳು ಉದ್ದನೆಯ ಪಟ್ಟಿಗಳಲ್ಲಿ ಸಾಲಾಗಿವೆ. ಒಂದೊಂದರ ಮೇಲೂ ಅಂಗಿ ಗುಂಡಿಯಷ್ಟು ಅಗಲದ ಪಾರದರ್ಶಕ ಲೆನ್ಸನ್ನು ಅಂಟಿಸಿರುತ್ತಾರೆ. ಅದರ ಕೆಲಸ ಬೆಳಕನ್ನು ಸುತ್ತ ಹರಡುವುದು. ಶಾಖಕ್ಕೆ ಅಂಟು ಒಣಗಿ ಲೆನ್ಸ್ ಉದುರಿದರೆ ಆ ಎಲ್‌ಇಡಿಯ ಬೆಳಕು ನೇರ ಮುಂದಕ್ಕೆ ಹೊಡೆದು ಬಿಳಿ ಚುಕ್ಕೆಯಾಗುತ್ತದೆ. ಉದುರಿದ ಲೆನ್ಸ್‌ಗಳು ಒಳಗೇ ಕೆಳಗೆ ಬಿದ್ದಿರುತ್ತವೆ. ತೆಗೆದು ಮತ್ತೆ ಅಂಟಿಸಿದರೆ ಆಯಿತು.

ತಂಗಿಯ ಮನೆಯ ಟಿವಿಗೆ ರಾತ್ರಿ ದೀಪ ಆರಿಸಿ, ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಚಲಿಸುವುದು ಕಂಡರೆ ಪ್ಯಾನೆಲ್ ಸರಿಯಿದೆ, ಹಿಂದಿನ ಬೆಳಕು ಹೋಗಿದೆ. ಎಲ್‌ಇಡಿಗಳು ಸರಣಿಯಲ್ಲಿರುವುದರಿಂದ ಒಂದು ಸುಟ್ಟರೂ ಇಡೀ ಸಾಲು ಆರುತ್ತದೆ. ಸುಟ್ಟ ಪಟ್ಟಿಯೊಂದನ್ನೇ ಬದಲಿಸಿದರೆ ಉಳಿದ ಹಳೆಯವು ಕೆಲ ತಿಂಗಳಲ್ಲಿ ಒಂದೊಂದಾಗಿ ಹೋಗುತ್ತವೆ, ಪೂರ್ತಿ ಸೆಟ್ ಹಾಕಿಸಿ. ಎಲ್‌ಇಡಿಯಲ್ಲಿ 3 ವೋಲ್ಟ್, 6 ವೋಲ್ಟ್ ಎಂದು ಬಗೆಗಳಿವೆ, ಹಳೆಯ ಪಟ್ಟಿಯ ಮೇಲಿನ ಸಂಖ್ಯೆಗೆ ತಾಳೆಯಾಗುವುದನ್ನೇ ತರಿಸಲು ಹೇಳಿ. ಕೆಲಸದಲ್ಲಿ ನಿಜವಾದ ಅಪಾಯ ಪ್ಯಾನೆಲ್ ಗಾಜು ಎತ್ತುವಾಗ. ಅಂಚಿನ ರಿಬ್ಬನ್ ಹರಿದರೆ ಗೆರೆ ಬೀಳುತ್ತದೆ, ಆಮೇಲೆ ಪ್ಯಾನೆಲ್ ಖಂಡಿತ ಹೋದಂತೆ. ಇಬ್ಬರು ಸೇರಿ ಎತ್ತುವ ಅಂಗಡಿಗೇ ಕೊಡಿ. ರಿಪೇರಿಯಾದ ಮೇಲೆ ಬ್ಯಾಕ್‌ಲೈಟನ್ನು 100ರಿಂದ 60–70ಕ್ಕೆ ಇಳಿಸಿ. ಶಾಖ ಕಡಿಮೆಯಾಗಿ ಹೊಸ ಪಟ್ಟಿ ಹೆಚ್ಚು ಕಾಲ ಬರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಗೋಡೆಯೆಲ್ಲ ಥಂಡಿ, ಬೂಷ್ಟು. ಟಿವಿಯನ್ನು ಗೋಡೆಗೆ ಹಾಕಬಹುದೇ? ಪರದೆ ಒರೆಸುವುದು ಹೇಗೆ?
— ಓದುಗರು, ಕೊಪ್ಪ

ಉತ್ತರ: ಮಳೆ ಹೊಡೆಯುವ ಹೊರಗೋಡೆಗೆ ಬೇಡ, ಒಳಗೋಡೆಗೆ ಹಾಕಿ. ಗೋಡೆಗೂ ಟಿವಿಗೂ ನಾಲ್ಕು ಇಂಚು ಸಂದು ಬಿಡುವ ಬ್ರಾಕೆಟ್ ತನ್ನಿ. ಮಳೆಗಾಲದಲ್ಲಿ ನೋಡುವವರಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಹಾಕಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ತೇವ ಒಳಗೇ ನಿಲ್ಲುತ್ತದೆ.

ಒರೆಸಲು ಒಣಗಿದ ಮೈಕ್ರೋಫೈಬರ್ ಬಟ್ಟೆ ಸಾಕು. ಗಾಜು ಒರೆಸುವ ದ್ರವ, ಸ್ಪಿರಿಟ್ ಎರಡೂ ಪರದೆಯ ಲೇಪವನ್ನು ಕೀಳುತ್ತವೆ. ಎಣ್ಣೆ ಕೈಯ ಗುರುತಿದ್ದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಷ್ಟು ಹಿಂಡಿ ಒರೆಸಿ. ಪರದೆಯ ಮೇಲೆ ನೇರವಾಗಿ ನೀರು ಚಿಮುಕಿಸಲೇಬೇಡಿ. ಇಳಿದ ನೀರು ಕೆಳಗಿನ ಚೌಕಟ್ಟಿನೊಳಕ್ಕೆ ಹೋಗುತ್ತದೆ, ಪ್ಯಾನೆಲ್‌ನ ಸೂಕ್ಷ್ಮ ರಿಬ್ಬನ್‌ಗಳು ಹೆಚ್ಚಿನ ಟಿವಿಗಳಲ್ಲಿ ಇರುವುದು ಅಲ್ಲೇ.