ಸ್ಟೇಷನ್ ಕೈಸೇರುವ ಮೊದಲು ಸಿಮ್ಯುಲೇಟರ್‌ಗೆ ಮಾಡಿಕೊಳ್ಳಬೇಕಾದ ಸಿದ್ಧತೆ

ನಮಸ್ಕಾರ ಸರ್. ಮೂಡಿಗೆರೆ ಮತ್ತು ಸಕಲೇಶಪುರದ ಕಡೆಯ ಕೆಲವು ತೋಟದವರು ಸೇರಿ ವೆದರ್ ಸ್ಟೇಷನ್‌ಗಳನ್ನು ತರಿಸುತ್ತಿದ್ದೀರಿ. ಅವು ಬರುವವರೆಗೆ ಸ್ಟೇಷನ್‌ನ ಅಂಕಿಗಳನ್ನು ದಾಖಲಿಸಿ ವರದಿ ಮಾಡುವ ವೀಡಬ್ಲ್ಯೂಎಕ್ಸ್ (WeeWX) ತಂತ್ರಾಂಶವನ್ನು ಒಂದೇ ಕಂಪ್ಯೂಟರಿನಲ್ಲಿ ಹಾಕಿ, ಎಲ್ಲರೂ ಅದರ ಸಿಮ್ಯುಲೇಟರ್ (ಸ್ಟೇಷನ್ ಇಲ್ಲದೆಯೇ ಕೃತಕ ಅಂಕಿಗಳನ್ನು ಕೊಡುವ ಭಾಗ) ನಡೆಸಿ ನೋಡಲು ಏನೇನು ಸಿದ್ಧಮಾಡಿಕೊಳ್ಳಬೇಕೆಂದು ಕೇಳಿದ್ದೀರಿ. ಇನ್‌ಸ್ಟಾಲ್ ಮಾಡುವುದು ಕಷ್ಟವಲ್ಲ. ಅದು ಉಚಿತವಾಗಿ ಸಿಗುವ, ಪೈಥಾನ್‌ನಲ್ಲಿ ಬರೆದ ತಂತ್ರಾಂಶ, ರಾಸ್ಪ್‌ಬೆರಿ ಪೈನಂಥ ಚಿಕ್ಕ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಆದರೆ ಮೊದಲ ದಿನವೇ ನಿರ್ಧರಿಸಬೇಕಾದ ಕೆಲವು ವಿಷಯಗಳನ್ನು ಹಾಗೇ ಬಿಟ್ಟರೆ ಮುಂದೆ ವರ್ಷಗಟ್ಟಲೆಯ ಮಳೆ ಲೆಕ್ಕವೇ ಕೆಡುತ್ತದೆ.

ಮೊದಲನೆಯದು ಅಳತೆಯ ಮಾನ. ಡೇಟಾಬೇಸ್ ಯಾವ ಮಾನದಲ್ಲಿ ಶುರುವಾಯಿತೋ ಅದರಲ್ಲೇ ಮುಂದುವರಿಯಬೇಕು, ಇಡೀ ಡೇಟಾಬೇಸನ್ನೇ ಪರಿವರ್ತಿಸದೆ ನಡುವೆ ಬದಲಿಸುವಂತಿಲ್ಲ. ಹೊರನೋಟಕ್ಕೆ ಮಿಲಿಮೀಟರೇ ಸರಿ ಎನಿಸುತ್ತದೆ. ಆದರೆ ನಮ್ಮ ಕಾಫಿ ತೋಟಗಳ ಮಳೆ ಪುಸ್ತಕಗಳೆಲ್ಲ ಇಂಚು ಮತ್ತು ಸೆಂಟಿನಲ್ಲಿವೆ. ಒಂದು ಇಂಚಿಗೆ ನೂರು ಸೆಂಟು, ಅಂದರೆ ಒಂದು ಸೆಂಟಿಗೆ 0.254 ಮಿಲಿಮೀಟರ್. ಇಂಚಿನ ಲೆಕ್ಕದ ಟಿಪ್ಪಿಂಗ್ ಬಕೆಟ್ ಮಳೆ ಮಾಪಕಗಳು (ಒಳಗಿನ ಚಿಕ್ಕ ಬಟ್ಟಲು ತುಂಬಿದಾಗಲೆಲ್ಲ ಮಗುಚಿ ಮಳೆ ಎಣಿಸುವಂಥವು) ಸಾಮಾನ್ಯವಾಗಿ 0.01 ಇಂಚಿಗೊಮ್ಮೆ ಮಗುಚುತ್ತವೆ, ಹಾಗಾಗಿ ಒಂದು ಮಗುಚಿಗೆ ನೇರವಾಗಿ ಒಂದು ಸೆಂಟು. ಆದ್ದರಿಂದ ಡೇಟಾಬೇಸನ್ನು ಅಮೆರಿಕನ್ ಮಾನದಲ್ಲೇ (ಇಂಚು, ಫ್ಯಾರನ್‌ಹೀಟ್) ಇಡುವುದು ಮೇಲೆಂದು ನನ್ನ ಖಚಿತ ಅಭಿಪ್ರಾಯ. ಪರದೆಯ ಮೇಲೆ ಮಳೆಯನ್ನು ಇಂಚಿನಲ್ಲೂ ಉಷ್ಣಾಂಶವನ್ನು ಸೆಲ್ಸಿಯಸ್‌ನಲ್ಲೂ ತೋರಿಸಲು ಬೇರೆ ಸೆಟ್ಟಿಂಗ್ ಇದೆ, ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಎರಡನೆಯದು ದಿನದ ಗಡಿ. ಹವಾಮಾನ ಇಲಾಖೆಯ ದಿನದ ಮಳೆಯೆಂದರೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆ. ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಮಾಪಕ ನೋಡಿ ಬರೆದುಕೊಳ್ಳುವುದೂ ಬೆಳಿಗ್ಗೆಯೇ. ಈ ತಂತ್ರಾಂಶಕ್ಕೆ ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಸಂಜೆ ಏಳಕ್ಕೆ ಹಿಡಿದು ನಸುಕಿನವರೆಗೂ ಬಿಡದೆ ಸುರಿದ ಜುಲೈ ತಿಂಗಳ ಮಳೆ ಪುಸ್ತಕದಲ್ಲಿ ಒಂದೇ ಅಂಕಿಯಾಗಿದ್ದರೆ, ಪರದೆಯಲ್ಲಿ ಎರಡು ತಾರೀಖಿಗೆ ಹಂಚಿಹೋಗಿರುತ್ತದೆ. ಇದನ್ನು ತಿಳಿಯದವರು ಮಾಪಕ ತಪ್ಪು ತೋರಿಸುತ್ತಿದೆ ಎಂದು ಬಿಚ್ಚಲು ಹೊರಡುತ್ತಾರೆ. ಐದೈದು ನಿಮಿಷದ ದಾಖಲೆ ಉಳಿಯುವುದರಿಂದ 8.30ರಿಂದ 8.30ಕ್ಕೆ ಕೂಡಿ ತೆಗೆಯುವುದು ಸಾಧ್ಯ; ಆ ಲೆಕ್ಕವನ್ನು ಸಿಮ್ಯುಲೇಟರ್ ಇರುವಾಗಲೇ ಮಾಡಿ ರೂಢಿ ಮಾಡಿಕೊಳ್ಳಿ.

ಸಿಮ್ಯುಲೇಟರ್ ಕೊಡುವ ಅಂಕಿಗಳು ಮಲೆನಾಡಿನ ಹವೆಯಲ್ಲ. ಉಷ್ಣಾಂಶ ಗಣಿತದ ಅಲೆಯಂತೆ ಏರಿಳಿಯುತ್ತದೆ, ಮಳೆ ಗೊತ್ತುಪಡಿಸಿದ ಹೊತ್ತಿಗೆ ಗೊತ್ತುಪಡಿಸಿದಷ್ಟೇ ಬರುತ್ತದೆ. ಅದನ್ನು ನೋಡಿ ಸ್ಪ್ರೇ ಬಗ್ಗೆಯಾಗಲಿ ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ಬಗ್ಗೆಯಾಗಲಿ ಯಾರೂ ತೀರ್ಮಾನಕ್ಕೆ ಬರಬಾರದು. ವರದಿ, ಗ್ರಾಫ್, ಬ್ಯಾಕಪ್ ಎಲ್ಲವೂ ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡುವುದಷ್ಟೇ ಅದರ ಕೆಲಸ. ಅದರಲ್ಲಿರುವ ಜನರೇಟರ್ ವಿಧಾನಕ್ಕೆ ಹಿಂದಿನ ತಾರೀಖೊಂದನ್ನು ಕೊಟ್ಟರೆ ಕಂಪ್ಯೂಟರಿನ ಶಕ್ತಿಯಿದ್ದಷ್ಟು ವೇಗವಾಗಿ ದಾಖಲೆಗಳನ್ನು ಹುಟ್ಟಿಸುತ್ತದೆ, ಹೀಗಾಗಿ ತಿಂಗಳ ವರದಿ ನೋಡಲು ತಿಂಗಳು ಕಾಯಬೇಕಿಲ್ಲ.

ನಿಮ್ಮ ಮಳೆ ಪುಸ್ತಕದ ಅಂಕಿಗಳನ್ನೇ ಹಾಕಿ ನೋಡಬೇಕೆಂದರೆ ಫೈಲ್‌ನಿಂದ ಓದುವ ಉದಾಹರಣೆ ಡ್ರೈವರ್ (ತಂತ್ರಾಂಶಕ್ಕೆ ಅಂಕಿಗಳನ್ನು ತಂದುಕೊಡುವ ಭಾಗ) ಇದೆ, ಆದರೆ ಅಲ್ಲೊಂದು ಎಚ್ಚರ ಬೇಕು. ಮಳೆಯ ಅಂಕಿ ಪ್ರತಿ ಓದಿಗೂ ಕೂಡುತ್ತಾ ಹೋಗುತ್ತದೆ. ಎರಡೂವರೆ ಸೆಕೆಂಡಿಗೊಮ್ಮೆ ಓದುವಂತೆ ಇಟ್ಟು ಫೈಲಿನಲ್ಲಿ 85 ಸೆಂಟು ಬರೆದು ಹಾಗೇ ಬಿಟ್ಟರೆ, ಐದು ನಿಮಿಷದ ಒಂದೇ ದಾಖಲೆಯಲ್ಲಿ 102 ಇಂಚು ಮಳೆ ಬಿದ್ದಂತಾಗುತ್ತದೆ. ಒಂದು ಸಲ ಓದಿದ ಕೂಡಲೇ ಅಂಕಿಯನ್ನು ಸೊನ್ನೆ ಮಾಡುವ ವ್ಯವಸ್ಥೆ ಇರಲೇಬೇಕು.

ಕಂಪ್ಯೂಟರ್ ಒಂದೇ ಆದರೂ ಪ್ರತಿ ತೋಟಕ್ಕೂ ಬೇರೆ ಬೇರೆ ಕಾನ್ಫಿಗರೇಷನ್ ಫೈಲ್, ಡೇಟಾಬೇಸ್ ಮತ್ತು ವರದಿಯ ಫೋಲ್ಡರ್ ಇರಲಿ. ಐದನೆಯ ಆವೃತ್ತಿಯಲ್ಲಿ ಹೀಗೆ ಹಲವನ್ನು ಏಕಕಾಲಕ್ಕೆ ನಡೆಸುವ ಅನುಕೂಲವಿದೆ. ತೋಟದ ಎತ್ತರವನ್ನು ಸರಿಯಾಗಿ ಕೊಡಿ. ಚಿಕ್ಕಮಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡವೇ ಸುಮಾರು 900 ಹೆಕ್ಟೊಪ್ಯಾಸ್ಕಲ್‌ನಷ್ಟಿರುತ್ತದೆ, ಎತ್ತರ ತಪ್ಪಿದರೆ ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡವೂ ತಪ್ಪುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಇಂಟರ್‌ನೆಟ್ ಇಲ್ಲದಿದ್ದರೆ ಹಳೆಯ ರಾಸ್ಪ್‌ಬೆರಿ ಪೈಗಳಿಗೆ ಸರಿಯಾದ ಸಮಯವೇ ಸಿಗುವುದಿಲ್ಲ, ಏಕೆಂದರೆ ಅವುಗಳಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಚಿಕ್ಕದೊಂದು ಆರ್‌ಟಿಸಿ ಮಾಡ್ಯೂಲ್ (ಬ್ಯಾಟರಿಯಿಂದ ನಡೆಯುವ ಗಡಿಯಾರ) ಮತ್ತು ಯುಪಿಎಸ್‌ಗೆ ಈಗಲೇ ಹಣ ತೆಗೆದಿಡಿ.

ಸಿಮ್ಯುಲೇಟರ್ ನಡೆಯುವಷ್ಟು ದಿನವೂ ಹೊರಗಿನ ಹವಾಮಾನ ತಾಣಗಳಿಗೆ ಅಂಕಿ ಕಳಿಸುವ ಆಯ್ಕೆಗಳನ್ನೆಲ್ಲ ಮುಚ್ಚಿಡಬೇಕು; ಸುಳ್ಳು ಮಳೆಯನ್ನು ನಿಜವೆಂದು ನಂಬಿ ಇನ್ನೊಬ್ಬರು ಕೆಲಸ ನಿಲ್ಲಿಸುವಂತಾಗಬಾರದು. ನಿಜವಾದ ಸ್ಟೇಷನ್ ಬಂದ ದಿನ ಮೊದಲು ತಂತ್ರಾಂಶವನ್ನು ನಿಲ್ಲಿಸಿ, ಕಾನ್ಫಿಗರೇಷನ್‌ನಲ್ಲಿ ಡ್ರೈವರ್ ಬದಲಿಸಿ, ಸಿಮ್ಯುಲೇಟರ್‌ನ ಡೇಟಾಬೇಸ್ ಫೈಲನ್ನೂ ಅದರಿಂದ ತಯಾರಾದ ಹಳೆಯ ವರದಿಗಳನ್ನೂ ತೆಗೆದುಹಾಕಿ, ಆಮೇಲೆ ಶುರುಮಾಡಿ. ಮಾಪಕಕ್ಕೆ ಅಳತೆ ಮಾಡಿದ ನೀರನ್ನು ನಿಧಾನವಾಗಿ ಹನಿಸಿ ಪರೀಕ್ಷಿಸುವುದಿದ್ದರೆ ಆ ಫೈಲನ್ನು ತೆಗೆಯುವ ಮೊದಲೇ ಮುಗಿಸಿಕೊಳ್ಳಿ, ಇಲ್ಲದಿದ್ದರೆ ಆ ನೀರೂ ಮೊದಲ ದಿನದ ಮಳೆಯಾಗಿ ದಾಖಲಾಗುತ್ತದೆ.