ಮಗನನ್ನು ಕೆನಡಾಕ್ಕೆ ಕಳುಹಿಸಿದ ತಂದೆ: ಒಂದು ಆಪ್ತಸಲಹೆ ಪ್ರಕರಣ

ಕಾಲೇಜು ಸಹಪಾಠಿಗಳ ವಾಟ್ಸಾಪ್ ಗುಂಪಿನಿಂದಾಗಿ ನೆಮ್ಮದಿ ಕೆಡಿಸಿಕೊಂಡು ಆಪ್ತಸಲಹೆಗೆ ಬರುವವರು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಬಹುಪಾಲು ಐವತ್ತರ ಆಸುಪಾಸಿನವರು. ನಿದ್ದೆ ಬರುವುದಿಲ್ಲ, ಮನೆಯವರ ಮೇಲೆ ವಿನಾಕಾರಣ ರೇಗುತ್ತೇನೆ ಎಂಬ ದೂರಿನೊಂದಿಗೆ ಬರುತ್ತಾರೆ. ಗುಂಪಿನ ಮಾತು ಹೊರಬೀಳುವುದು ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ. ಅಂಥದ್ದೊಂದು ಪ್ರಕರಣವನ್ನು, ತಂದೆ ಮತ್ತು ಮಗ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ತಂದೆ ಮಧ್ಯ ಕರ್ನಾಟಕದ ಒಂದು ಊರಿನಲ್ಲಿ ವಿದ್ಯುತ್ ಇಲಾಖೆಯ ಎಂಜಿನಿಯರ್. 1995ರಲ್ಲಿ ಪದವಿ ಪಡೆದವರು; ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬರುವ ಮೊದಲಿನವರಾದ್ದರಿಂದ ಅವರ ಪ್ರಮಾಣಪತ್ರದ ಮೇಲೆ ಕುವೆಂಪು ವಿಶ್ವವಿದ್ಯಾಲಯದ ಮುದ್ರೆಯಿದೆ. ಅವರ ತರಗತಿಯ ಹಲವರು ಕಂಪ್ಯೂಟರ್ ಕೋರ್ಸ್ ಮಾಡಿ 2000ದ ಇಸವಿಯ ದಿನಾಂಕದ ತೊಡಕು ಬಿಡಿಸುವ ಕೆಲಸಕ್ಕೆಂದು ಅಮೆರಿಕಕ್ಕೆ ಹೋದರು. ಇವರು ಅಂದಿನ ಕೆಇಬಿ, ಅಂದರೆ ಕರ್ನಾಟಕ ವಿದ್ಯುತ್ ಮಂಡಳಿ ಸೇರಿದರು. ಮಂಡಳಿ 1999ರಲ್ಲಿ ನಿಗಮವಾಗಿ, ಆಮೇಲೆ ವಿತರಣಾ ಕಂಪನಿಗಳಾಗಿ ಒಡೆದರೂ ಊರಿನವರ ಬಾಯಲ್ಲಿ ಇವರು ಇಂದಿಗೂ ‘ಕೆಇಬಿ ಸಾಹೇಬರು’. ಕೆಲಸದ ಬಗ್ಗೆ ಅವರಿಗೆ ಬೇಸರವಿರಲಿಲ್ಲ.

ಗುಂಪಿನಲ್ಲಿ ಒಬ್ಬೊಬ್ಬರಾಗಿ ತಮ್ಮ ಮತ್ತು ಕುಟುಂಬದ ವಿವರ ಹಾಕಬೇಕೆಂದು ಯಾರೋ ಸೂಚಿಸಿದಾಗ ಇವರು ಒಂದು ಸಾಲು ಬರೆದರು: ಮಗ ಟೊರಾಂಟೊದಲ್ಲಿ ಎಂ.ಎಸ್. ಮಾಡುತ್ತಿದ್ದಾನೆ. ವಾಸ್ತವದಲ್ಲಿ ಮಗ ಎಂಜಿನಿಯರಿಂಗಿನ ಐದನೆಯ ಸೆಮಿಸ್ಟರ್ ಹೊತ್ತಿಗೆ ಹಲವು ವಿಷಯಗಳನ್ನು ಬಾಕಿ ಉಳಿಸಿಕೊಂಡು, ಕಾಲೇಜು ಬಿಟ್ಟು, ಅದೇ ಊರಿನಲ್ಲಿ ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಯೊಂದಕ್ಕೆ ಸೇರಿಕೊಂಡಿದ್ದ. ಎರಡು ವರ್ಷ ಆ ಸಾಲು ಬೆಳೆಯುತ್ತ ಹೋಯಿತು. ಕೋರ್ಸು ಯಾವುದು, ರೂಮಿನಲ್ಲಿ ಎಷ್ಟು ಜನ, ಚಳಿ ಹೇಗಿದೆ ಎಂದು ಕೇಳಿದವರಿಗೆಲ್ಲ ಉತ್ತರ ಹೋಗುತ್ತಿತ್ತು. ಕೊನೆಗೆ ಟೊರಾಂಟೊದಲ್ಲೇ ನೆಲೆಸಿರುವ ಹಾಸ್ಟೆಲಿನ ಹಳೆಯ ಗೆಳೆಯರೊಬ್ಬರು, ‘ಹುಡುಗನ ವಿಳಾಸ ಕಳಿಸು, ದೀಪಾವಳಿಗೆ ಮನೆಗೆ ಕರ್ಕೊಂಡು ಬರ್ತೀನಿ, ಒಬ್ಬಟ್ಟು ಮಾಡಿಸ್ತೀನಿ’ ಎಂದು ಬರೆದರು. ಅಂದಿನಿಂದ ತಂದೆಗೆ ನಿದ್ದೆಯಿಲ್ಲ. ಪತ್ನಿಯೇ ಅವರನ್ನು ನನ್ನ ಬಳಿಗೆ ಕರೆತಂದರು.

ಇವರು ಸುಳ್ಳಿನ ಅಭ್ಯಾಸದವರಲ್ಲ. ಊರಿನಲ್ಲಿ ಕೋಟ್ಯಧೀಶ ಅಡಿಕೆ ವ್ಯಾಪಾರಿಗಳ ಜೊತೆ ದಿನನಿತ್ಯ ವ್ಯವಹರಿಸುತ್ತಾರೆ, ಅವರ ಮಕ್ಕಳು ಎಲ್ಲಿ ಓದಿದರೂ ಇವರಿಗೆ ಏನೂ ಅನ್ನಿಸುವುದಿಲ್ಲ. ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲಿ ಹೇಳಿದಂತೆ, ನಮ್ಮನ್ನು ನಾವು ಅಳೆದುಕೊಳ್ಳುವುದು ನಮಗೆ ಸಮಾನರೆಂದು ಕಾಣುವವರ ಜೊತೆ. ಸಹಪಾಠಿಗಳಷ್ಟು ಸಮಾನರು ಬೇರೆ ಯಾರಿದ್ದಾರೆ? ಒಂದೇ ಮೆಸ್ಸಿನ ಸಾರು ಉಂಡವರು, ಒಂದೇ ಪ್ರಶ್ನೆಪತ್ರಿಕೆ ಬರೆದವರು. ಇವರ ಲ್ಯಾಬ್ ರೆಕಾರ್ಡ್ ನೋಡಿ ಬರೆದುಕೊಂಡವನು ಇಂದು ಎಲ್ಲಿದ್ದಾನೆ ಎಂಬ ಸುದ್ದಿ ನೆರೆಮನೆಯವರ ಸುದ್ದಿಯಂತೆ ಹಾದುಹೋಗುವುದಿಲ್ಲ. ಐವತ್ತರ ಹೊತ್ತಿಗೆ ನಮ್ಮ ಸ್ವಂತ ವೃತ್ತಿಯ ಲೆಕ್ಕ ಹೆಚ್ಚುಕಡಿಮೆ ಮುಗಿದಿರುವುದರಿಂದ ಆ ಅಳತೆ ಮಕ್ಕಳ ಮೇಲೆ ಬೀಳುತ್ತದೆ.

ಮಗ ಬಂದದ್ದು ಮೂರನೆಯ ಭೇಟಿಗೆ. ತಾಯಿ ಒತ್ತಾಯಿಸಿದ್ದರಿಂದ ಅಂಗಡಿಯಿಂದ ನೇರವಾಗಿ ಬಂದಿದ್ದ. ಬೆರಳ ತುದಿಗಳಲ್ಲಿ ವಾರ್ನಿಷಿನ ಕಂದು ಕಲೆ ಹಾಗೇ ಇತ್ತು. ಗುಂಪಿನ ವಿಷಯ ಅವನಿಗೆ ಗೊತ್ತಿರಲಾರದೆಂದು ತಂದೆ ನಂಬಿದ್ದರು. ಫೋನಿನಲ್ಲಿ ಜಾಗ ತುಂಬಿದೆ, ಫೋಟೊಗಳನ್ನು ತೆಗೆದುಹಾಕು ಎಂದು ತಾವೇ ಅವನ ಕೈಗೆ ಕೊಟ್ಟಿದ್ದ ದಿನ ಅವನು ಎಲ್ಲವನ್ನೂ ಓದಿ, ಏನೂ ಹೇಳದೆ ಹಿಂತಿರುಗಿಸಿದ್ದ.

ನಿನಗೆ ಏನನ್ನಿಸಿತು ಎಂದು ನಾನು ಕೇಳಿದಾಗ ಅವನು ತಂದೆಯ ಕಡೆ ನೋಡದೆ ನನಗೇ ಹೇಳಿದ: ‘ಮೇಡಂ, ಫೇಲಾಗಿದ್ದಕ್ಕೆ ಅಪ್ಪಾಜಿ ಬೈದ್ರು, ಅದು ಬೇಜಾರಿಲ್ಲ. ಆ ಕೆನಡಾದ ಹುಡುಗನ ಬಗ್ಗೆ ಅವರಿಗೆ ಎಲ್ಲಾ ಗೊತ್ತು. ಯಾವ ಕೋರ್ಸು, ಯಾವ ರೂಮು, ಏನ್ ತಿಂತಾನೆ. ನಾನು ಎಷ್ಟೊತ್ತಿಗೆ ಅಂಗಡಿಗೆ ಹೋಗ್ತೀನಿ ಅಂತ ಕೇಳಿ ನೋಡಿ.’

ನಾನು ತಂದೆಯ ಕಡೆ ತಿರುಗಿ ಅದೇ ಪ್ರಶ್ನೆಯನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅಂಗಡಿಯ ಮಾಲೀಕರ ಹೆಸರು ಗೊತ್ತಿತ್ತು, ಮಗನ ಸಂಬಳ ಎಷ್ಟೆಂದು ಪತ್ನಿಯಿಂದ ಕೇಳಿದ್ದರು. ಒಂದು ಸಲವೂ ಒಳಗೆ ಹೋಗಿರಲಿಲ್ಲ. ಇಂಥ ಹೊತ್ತಿನಲ್ಲಿ ಆಪ್ತಸಲಹೆಗಾರರು ಮಾತು ತುಂಬಬಾರದು ಎಂಬುದು ನನ್ನ ನಂಬಿಕೆ, ಆದ್ದರಿಂದ ಸುಮ್ಮನಿದ್ದೆ. ಬಹಳ ಹೊತ್ತಿನ ಮೇಲೆ ತಂದೆ ಕೇಳಿದ್ದು ಕ್ಷಮೆಯನ್ನಲ್ಲ. ‘ಈಗ ಯಾವ ಮೋಟಾರು ಜಾಸ್ತಿ ಬರ್ತಾವೆ?’ ಎಂದರು. ಮಗ, ‘ಸಬ್‌ಮರ್ಸಿಬಲ್ಲೇ. ಬೇಸಿಗೇಲಿ ನಿಮ್ಮ ಲೈನಲ್ಲಿ ವೋಲ್ಟೇಜ್ ಬೀಳುತ್ತಲ್ಲ, ಆಂಪ್ಸ್ ಜಾಸ್ತಿ ಎಳೆದು ಸುಟ್ಟೋಗ್ತಾವೆ’ ಎಂದ. ಇಲಾಖೆಯ ಮೇಲೆ ಆಪಾದನೆ ಬಂದದ್ದರಿಂದ ತಂದೆ, ರೈತರು ಅನುಮತಿಗಿಂತ ಹೆಚ್ಚು ಎಚ್‌ಪಿ ಹಾಕಿಕೊಂಡರೆ ಟ್ರಾನ್ಸ್‌ಫಾರ್ಮರ್ ಏನು ಮಾಡೀತು ಎಂದು ವಾದಿಸಿದರು. ಮಗ ಬಿಡಲಿಲ್ಲ. ನೀರು ತುಂಬಿಕೊಂಡೇ ತಿರುಗುವ ಮೋಟಾರಿಗೆ ಬರಿಯ ವಾರ್ನಿಷ್ ತಂತಿ ಏಕೆ ನಡೆಯುವುದಿಲ್ಲ, ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಗಾಯವಾಗದಂತೆ ಸ್ಲಾಟಿನೊಳಗೆ ಹೇಗೆ ಎಳೆಯಬೇಕು ಎಂಬುದನ್ನು ಕೈಯಲ್ಲಿ ಮಾಡಿ ತೋರಿಸಿದ. ಎರಡು ವರ್ಷಗಳಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ದೀರ್ಘ ಮಾತುಕತೆ ಅದಾಗಿತ್ತು, ಅದೂ ಜಗಳದ ರೂಪದಲ್ಲಿ. ನಾನು ತಡೆಯಲಿಲ್ಲ.

ಮುಂದಿನ ಭೇಟಿಯಲ್ಲಿ ನೀಡಿದ ಸಲಹೆ ಹೀಗಿತ್ತು. ಗುಂಪನ್ನು ಬಿಡುವುದು ಬೇಡ. ಗುಂಪಿನಲ್ಲಿ ಉದ್ದನೆಯ ತಪ್ಪೊಪ್ಪಿಗೆಯನ್ನೂ ಹಾಕುವುದು ಬೇಡ. ಮೊದಲು ಟೊರಾಂಟೊದ ಗೆಳೆಯರಿಗೆ ಫೋನ್ ಮಾಡಿ ನಿಜ ಹೇಳಬೇಕು, ಏಕೆಂದರೆ ಅವರು ಪ್ರೀತಿಯಿಂದ ಒಂದು ಎಲೆ ಹೆಚ್ಚು ಹಾಕಲು ಹೊರಟಿದ್ದಾರೆ, ಅವರಿಗೆ ಸಂದೇಶದಲ್ಲಿ ತಿಳಿಸುವುದು ಸಲ್ಲದು. ಆಮೇಲೆ ಗುಂಪಿನಲ್ಲಿ ಏನು ಬರೆಯಬೇಕೆಂಬುದನ್ನು ಮಗನನ್ನು ಕೇಳಿ ನಿರ್ಧರಿಸಬೇಕು. ಅವನು ಬೇಡವೆಂದರೆ ಅವನ ವಿಷಯ ಅಲ್ಲಿ ಬರಕೂಡದು.

ಈ ಸಲಹೆಯನ್ನು ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ನಿದ್ದೆಗೆಡಿಸುವ ಗುಂಪಿನಿಂದ ಹೊರಬನ್ನಿ ಎನ್ನುವುದು ಸರಳವಲ್ಲವೇ, ಸುಳ್ಳು ಅಲ್ಲಿ ಉಳಿಯಲು ಬಿಟ್ಟದ್ದು ಸರಿಯೇ ಎಂದು ಕೇಳಿದರು. ಹೊರಬಂದಿದ್ದರೆ ತಂದೆಗೆ ನಿದ್ದೆ ಬರುತ್ತಿತ್ತೇನೋ. ಮಗ ಮಾತ್ರ ಆ ಗುಂಪಿನ ಜನರ ಮನಸ್ಸಿನಲ್ಲಿ ಕೊನೆಯವರೆಗೂ ಕೆನಡಾದಲ್ಲೇ ಇರುತ್ತಿದ್ದ, ಮತ್ತು ತನ್ನ ಬದುಕು ಅಪ್ಪನಿಗೆ ಬಚ್ಚಿಡಬೇಕಾದ ವಸ್ತು ಎಂಬ ಅವನ ತೀರ್ಮಾನ ಗಟ್ಟಿಯಾಗುತ್ತಿತ್ತು. ಬಹಿರಂಗ ತಪ್ಪೊಪ್ಪಿಗೆಯಲ್ಲೂ ನನಗೆ ಅದೇ ಅಪಾಯ ಕಂಡಿತು: ‘ನನ್ನ ಮಗ ಓದು ಬಿಟ್ಟಿದ್ದಾನೆ, ನಾನು ನಾಚಿಕೊಂಡಿದ್ದೆ’ ಎಂದು ಬರೆದರೆ ತಂದೆಗೆ ಸಾಂತ್ವನದ ಸಂದೇಶಗಳು ಸಾಲುಗಟ್ಟಿ ಬರುತ್ತವೆ, ಆದರೆ ಆ ಸಾಂತ್ವನಕ್ಕೆ ಬೆಲೆ ತೆರುವವನು ಮಗ. ಮಕ್ಕಳು ದೊಡ್ಡವರಾದ ಮೇಲೆ ಅವರ ಅಂಕ, ಸಂಬಳ, ಮದುವೆ, ಸೋಲುಗಳು ಅವರವು. ತಂದೆತಾಯಿ ಅವನ್ನು ತಮ್ಮ ಸುದ್ದಿಯಾಗಿ ಹಂಚುವ ಮೊದಲು ಕೇಳಬೇಕು. ಒಳ್ಳೆಯ ಸುದ್ದಿಗೂ ಈ ಮಾತು ಅನ್ವಯಿಸುತ್ತದೆ ಎಂದೇ ನನ್ನ ನಿಲುವು, ಅದಕ್ಕೆ ಪೋಷಕರಿಂದ ಆಕ್ಷೇಪ ಕೇಳಿಯೂ ಕೇಳಿದ್ದೇನೆ.

ಇಂಥ ಗುಂಪುಗಳಲ್ಲಿರುವ ಓದುಗರಲ್ಲಿ ನನ್ನ ಕೋರಿಕೆ ಒಂದಿದೆ. ಮೂವತ್ತು ವರ್ಷಗಳ ಮೇಲೆ ಸಿಕ್ಕ ಗೆಳೆಯನಿಗೆ ‘ಮಕ್ಕಳು ಏನು ಮಾಡ್ತಿದಾರೆ’ ಎಂಬುದನ್ನೇ ಮೊದಲ ಪ್ರಶ್ನೆಯಾಗಿ ಹಾಕಬೇಡಿ. ಮಕ್ಕಳಿಲ್ಲದವರು, ಮಗುವನ್ನು ಕಳೆದುಕೊಂಡವರು, ವಿಚ್ಛೇದಿತರು, ಕೆಲಸ ಹೋದವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಕುಟುಂಬದ ವಿವರವನ್ನು ಹಾಜರಿ ಕೂಗುವಂತೆ ಎಲ್ಲರಿಂದ ಕೇಳಿ ಪಡೆಯುವ ಪದ್ಧತಿ ಅವರನ್ನು ಸುಳ್ಳಿಗೋ ಮೌನಕ್ಕೋ ದೂಡುತ್ತದೆ. ಹೇಳಬೇಕೆನ್ನಿಸಿದವರು ತಾವಾಗಿ ಹೇಳಲಿ. ಇನ್ನು, ಗುಂಪಿನಲ್ಲಿದ್ದಷ್ಟು ದಿನವೂ ಊಟ-ನಿದ್ದೆ ಕೆಡುತ್ತಿದ್ದರೆ, ಬದುಕೇ ಬೇಡವೆನ್ನಿಸುತ್ತಿದ್ದರೆ ಹೊರಬರುವುದೇ ಮೇಲು, ಆಗ ಈ ಪ್ರಕರಣದ ಸಲಹೆಯನ್ನು ಅನುಸರಿಸಬಾರದು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಟೊರಾಂಟೊದ ಗೆಳೆಯರು ಫೋನಿನಲ್ಲಿ ನಿಜ ಕೇಳಿ ನೊಂದುಕೊಂಡರು, ‘ನನ್ನ ಹತ್ರನೂ ಹೇಳ್ಬಾರ್ದಿತ್ತಾ’ ಎಂದು ಬೇಗ ಮಾತು ಮುಗಿಸಿದರು. ಆ ಸ್ನೇಹ ಮೊದಲಿನಂತಾಗಿಲ್ಲ. ಮಗನನ್ನು ಕೇಳಿದಾಗ ಅವನು, ‘ಸದ್ಯಕ್ಕೆ ನನ್ನ ಬಗ್ಗೆ ಏನೂ ಹಾಕಬೇಡಿ’ ಎಂದ. ಆದ್ದರಿಂದ ತಂದೆ ಗುಂಪಿನಲ್ಲಿ ಬರೆದದ್ದು ಇಷ್ಟೇ: ಮಗನ ವಿಷಯದಲ್ಲಿ ನಾನು ಹಿಂದೆ ಬರೆದದ್ದು ನಿಜವಲ್ಲ, ಅವನು ನಮ್ಮೊಂದಿಗೆ ಊರಿನಲ್ಲೇ ಇದ್ದಾನೆ, ಮಿಕ್ಕದ್ದನ್ನು ಅವನೇ ಹೇಳಬೇಕು. ಅವನು ಪದವಿ ಪೂರೈಸಬೇಕೆಂಬ ತಂದೆಯ ಹಟ ಮಾತ್ರ ಇನ್ನೂ ಇದೆ, ಮಗ ಅದಕ್ಕೆ ಒಪ್ಪಿಲ್ಲ. ಆ ಚರ್ಚೆಯನ್ನು ಅಂಗಡಿಯ ವಿಚಾರದ ಮಾತುಕತೆಯೊಳಗೆ ತರಬೇಡಿ, ಬೇರೆ ಹೊತ್ತಿನಲ್ಲಿ ಕುಳಿತು ಆಡಿ ಎಂದು ಇಬ್ಬರಿಗೂ ಹೇಳಿದ್ದೇನೆ.